ಗಿಡ್ಡ ಮೆಡಿಕಲ್‌ನವರು

ಅವರ ಹೆಸರು ಬರೆಯುವುದಿಲ್ಲ. ಬರೆದರೆ, ಅವರು ಈಗಿರುವ ಊರಿನಲ್ಲಿ ಯಾರಾದರೂ ಓದಿ, “ಓಹೋ, ನೀವು ಮೊದಲು ಹೀಗಿದ್ದಿರಾ?” ಎಂದು ಕೇಳಿಬಿಟ್ಟಾರು. ಆ ಒಂದು ಪ್ರಶ್ನೆಯಿಂದ ತಪ್ಪಿಸಿಕೊಳ್ಳಲಿಕ್ಕೇ ಅವರು ಕುಂದಾಪುರ ಬಿಟ್ಟದ್ದು. ನಾನು ಬಾಯಿಬಡುಕಿ ಹೌದು, ಆದರೆ ಅಷ್ಟು ಕೆಟ್ಟವಳಲ್ಲ.

ನನ್ನದು ಟೈಲರ್ ಅಂಗಡಿ. ಅಪ್ಪ ನಡೆಸುತ್ತಿದ್ದದ್ದು, ಅವರ ಕಣ್ಣು ಮಂಜಾದ ಮೇಲೆ ಮೆಷಿನ್ನಿನ ಮುಂದೆ ನಾನು ಕೂತೆ. ಹೆಂಗಸೊಬ್ಬಳು ಗಂಡಸರ ಪ್ಯಾಂಟು ಹೊಲಿಯುವುದನ್ನು ಜನ ಮೊದಮೊದಲು ಬಗ್ಗಿ ಬಗ್ಗಿ ನೋಡಿದರು, ಹೊಲಿಗೆಯಲ್ಲಿ ತಪ್ಪು ಸಿಗದೆ ಸುಮ್ಮನಾದರು. ನಮ್ಮ ಅಂಗಡಿಗೆ ತಾಗಿಕೊಂಡೇ ಅವರ ಮೆಡಿಕಲ್ ಶಾಪು. ನಡುವೆ ಇದ್ದದ್ದು ಒಂದೇ ಗೋಡೆ. ನನ್ನ ಮೆಷಿನ್ ನಿಂತರೆ ಅವರಿಗೆ ತಿಳಿಯುತ್ತಿತ್ತು. ಅವರು ಸ್ಟೂಲ್ ಎಳೆದರೆ ನನಗೆ ತಿಳಿಯುತ್ತಿತ್ತು.

ಸ್ಟೂಲ್ ಯಾಕೆಂದರೆ ಅವರ ಎತ್ತರ ನಾಲ್ಕು ಅಡಿ ಹನ್ನೊಂದು ಇಂಚು. ಆ ಅಂಗಡಿಯ ಕೌಂಟರನ್ನೂ ಗೋಡೆಯ ಕಪಾಟುಗಳನ್ನೂ ಮಾಡಿಸಿದವರು ಅವರ ತಂದೆ. ಅವರು ಒಳ್ಳೆ ಎತ್ತರದ ಆಳು, ತಮ್ಮ ಕೈಗೆ ಸರಿಯಾಗಿ ಮಾಡಿಸಿಕೊಂಡು, ಮಗ ಬೆಳೆಯುವುದರೊಳಗೆ ತೀರಿಕೊಂಡರು. ಗಿರಾಕಿಗಳು ಬಂದು ಕೌಂಟರಿನ ಮೇಲೆ ಕಾಣುವಷ್ಟನ್ನೇ ನೋಡಿ, “ಹ್ವಾಯ್, ಒಳಗ್ ಯಾರೂ ಇಲ್ಯಾ?” ಎಂದು ಕೂಗುತ್ತಿದ್ದರು. “ಇದ್ದೆ ಮಾರಾಯ್ರೆ, ಸ್ವಲ್ಪ ಕೆಳಗ್ ಕಾಣಿ” ಎಂದು ಉತ್ತರ ಬರುತ್ತಿತ್ತು. ಸ್ವರ ಮಾತ್ರ ಗಂಟೆಯಂಥದ್ದು. ಫೋನಿನಲ್ಲೇ ವ್ಯವಹಾರ ಮಾಡಿದ್ದ ಔಷಧ ಕಂಪನಿಯ ಏಜೆಂಟನೊಬ್ಬ ಮೊದಲ ಸಲ ಅಂಗಡಿಗೆ ಬಂದು, ಅವರ ಹತ್ತಿರವೇ, “ಸ್ವಲ್ಪ ಸಾಹುಕಾರರನ್ನ ಕರೀರಿ” ಅಂದಿದ್ದ. ಬೋರ್ಡಿನಲ್ಲಿ ದೇವರ ಹೆಸರೇ ಇತ್ತು, ಓದಿದವರು ಯಾರೂ ಇರಲಿಲ್ಲ. ಇಡೀ ಪೇಟೆಗೆ ಅದು ಗಿಡ್ಡ ಮೆಡಿಕಲ್.

ಓದು ಬಾರದವರಿಗೆ ಅವರು ಮಾತ್ರೆಯ ಲಕೋಟೆಯ ಮೇಲೆ ಚಿತ್ರ ಬರೆದು ಕೊಡುತ್ತಿದ್ದರು. ಬೆಳಗ್ಗಿನದಕ್ಕೆ ಇಡೀ ಸೂರ್ಯ, ಸಂಜೆಯದಕ್ಕೆ ಸಮುದ್ರದಲ್ಲಿ ಅರ್ಧ ಮುಳುಗಿದ ಸೂರ್ಯ, ಮಲಗುವಾಗಿನದಕ್ಕೆ ಚಂದ್ರ. ಗಿರಾಕಿಗಳು ಎಷ್ಟೇ ಸಾಲುಗಟ್ಟಿ ನಿಂತಿರಲಿ, ಸಮುದ್ರದ ತೆರೆಗಳನ್ನು ಬರೆಯದೆ ಲಕೋಟೆ ಕೈಬಿಡುತ್ತಿರಲಿಲ್ಲ. ಕೊನೆಗೆ ಎಲ್ಲರಿಗೂ ಒಂದೇ ಮಾತು: “ಉಂಡ್ಕಂಡ್ ತಕಣಿ.” ಕಜ್ಜಿಗೆ ಹಚ್ಚುವ ಮುಲಾಮು ಕೊಟ್ಟಾಗಲೂ ಬಾಯಿತಪ್ಪಿ, ಊಟ ಮಾಡಿ ತೆಗೆದುಕೊಳ್ಳಿ ಎಂದೇ ಹೇಳಿ, ತಾವೇ ನಗುತ್ತಿದ್ದರು.

ನಾಲ್ಕು ಗಂಟೆಗೆ ಎದುರಿನ ಹೋಟೆಲಿನಿಂದ ಎರಡು ಗ್ಲಾಸು ಚಾ ತಾವೇ ಹಿಡಿದುಕೊಂಡು ಬರುವುದು ಅವರ ರೂಢಿ. ಒಂದು ನನಗೆ, ಸಕ್ಕರೆ ಕಮ್ಮಿ. ನಾನು ಐದು ಅಡಿ ಮೂರಿಂಚು. ಪಕ್ಕದಲ್ಲಿ ನಿಂತರೆ ಅವರ ನೆತ್ತಿ ನನಗೆ ಸರಿಯಾಗಿ ಕಾಣುತ್ತಿತ್ತು. ಅಲ್ಲಿ ಎರಡು ಸುಳಿ.

“ಎರಡ್ ಸುಳಿ ಇದ್ದರಿಗೆ ಎರಡ್ ಮದಿ ಅಂಬ್ರ್” ಅಂದೆ ಒಂದು ದಿನ.

“ಒಂದಕ್ಕೇ ಗತಿ ಇಲ್ಲ, ನೀವೊಬ್ರ್” ಅಂದರು.

ಒಂದು ಮದುವೆಗೂ ಗತಿ ಇಲ್ಲದ್ದು ನಿಜವೇ. ಬೈಂದೂರಿನಿಂದ ಬ್ರಹ್ಮಾವರದವರೆಗೆ ಎಷ್ಟೋ ಮನೆಗಳಲ್ಲಿ ಹೆಣ್ಣು ನೋಡಿ ಬಂದಿದ್ದರು. ಮನೆ ಸರಿ, ಅಂಗಡಿ ಸರಿ, ಜಾತಕವೂ ಸರಿ. ಆದರೆ ಇವರು ಕುರ್ಚಿಯಿಂದ ಎದ್ದು ನಿಂತ ಮೇಲೆ ಮಾತು ಮುಂದೆ ಹೋಗುತ್ತಿರಲಿಲ್ಲ. ಮರುದಿನ ಚಾ ಕುಡಿಯುತ್ತ ಅದನ್ನೆಲ್ಲ ಹೇಳಿ ನಗುತ್ತಿದ್ದರು. ನಾನೂ ನಗುತ್ತಿದ್ದೆ. ನನಗೂ ಮದುವೆ ಆಗಿರಲಿಲ್ಲ. ನನ್ನ ನಾಲಿಗೆಯೇ ಅದಕ್ಕೆ ಕಾರಣ ಎಂದು ಅತ್ತಿಗೆಯ ಅಭಿಪ್ರಾಯ. ಪೇಟೆಯವರಿಗೆಲ್ಲ ನಾನು ಟೈಲರ್ ಅಕ್ಕ. ಅವರೊಬ್ಬರು ಮಾತ್ರ ನನ್ನನ್ನು ಅಕ್ಕ ಎಂದು ಕರೆಯಲಿಲ್ಲ. ನಾನು ಅದನ್ನು ಗಮನಿಸಿದ್ದೆ, ಗಮನಿಸಿದೆ ಎಂದು ಯಾರಿಗೂ ತೋರಿಸಿಕೊಂಡಿರಲಿಲ್ಲ.

ತೋರಿಸಿಕೊಳ್ಳುವ ಬದಲು ತಮಾಷೆ ಮಾಡಿದೆ. ಒಮ್ಮೆ ಪ್ಯಾಂಟು ಹೊಲಿಸಲು ಬಟ್ಟೆ ತಂದಾಗ, ಅಂಗಡಿಯಲ್ಲಿ ನಾಲ್ಕು ಜನ ಇದ್ದರು, “ನಿಮ್ಗ್ ಹೊಲುದ್ ಅಂದ್ರೆ ನಂಗ್ ಲಾಭ. ಉಳ್ದ ಬಟ್ಟಿಯಗೆ ಚೀಲ ಹೊಲಿಲಕ್ಕ್” ಅಂದೆ. ಎಲ್ಲರೂ ನಕ್ಕರು, ಅವರೂ ನಕ್ಕರು. ಆ ನಗು ನೆನೆದರೆ ಈಗ ನನ್ನ ಕೆನ್ನೆಗೆ ನಾನೇ ಎರಡು ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಅದಾಗಿ ವರ್ಷದೊಳಗೆ, ಸಂಬಂಧಿಕರೊಬ್ಬರನ್ನು ಅಂಗಡಿಯಲ್ಲಿ ಕೂರಿಸಿ, ಏನೋ ಕೆಲಸ ಎಂದು ದೂರದ ದೊಡ್ಡ ಊರಿಗೆ ಹೋದರು. ಹದಿನೈದು ದಿನಕ್ಕೆ ಸುದ್ದಿ ಬಂತು: ಬೈಕ್ ಆಕ್ಸಿಡೆಂಟ್, ಎರಡೂ ಕಾಲು ಮುರಿದಿದೆ. ಆ ದಿನ ನಾನು ಒಂದು ಅಂಗಿಗೆ ಎರಡೂ ಎಡತೋಳು ಹೊಲಿದೆ. ತಿಂಗಳಾದ ಮೇಲೆ ಅವರನ್ನು ಹತ್ತಿರದ ಗುಲ್ವಾಡಿಯಲ್ಲಿದ್ದ ಅವರ ಮನೆಗೆ ಕರೆತಂದರು ಎಂದು ಕೇಳಿದ್ದೇ ಎಳನೀರಿನ ಬೊಂಡ ಕಟ್ಟಿಕೊಂಡು ನೋಡಲು ಹೋದೆ.

ಹೊಳೆಗೆ ಮುಖ ಮಾಡಿದ ಕೋಣೆಯಲ್ಲಿ ಮಲಗಿದ್ದರು. ಮೊಣಕಾಲಿನ ಕೆಳಗೆ ಎರಡೂ ಕಾಲಿಗೆ ಸ್ಟೀಲಿನ ಬಳೆಗಳು, ಬಳೆಗಳ ನಡುವೆ ಕಡ್ಡಿಗಳು, ಬಳೆಯಿಂದ ಹೊರಟ ತಂತಿಗಳು ಚರ್ಮದೊಳಗೆ ಹೋಗಿ ಆಚೆ ಹೊರಬಂದಿದ್ದವು. ನಾನು ಅಳಲಿಕ್ಕೆಂದೇ ಹೋದವಳು. ಆದರೆ ಅಳತೆಯ ಕೆಲಸ ಮಾಡುವವರ ಕಣ್ಣು ಸುಮ್ಮನಿರುವುದಿಲ್ಲ. ಬಲಗಾಲಿನ ಗಾಯ ಎಲ್ಲಿತ್ತೋ ಎಡಗಾಲಿನದೂ ಸರಿಯಾಗಿ ಅಲ್ಲೇ, ದಾರ ಹಿಡಿದು ಗುರುತು ಹಾಕಿದಷ್ಟು ಸಮ. ಅವರ ಅಮ್ಮ ಚಾ ಮಾಡಲು ಒಳಗೆ ಹೋದರು.

“ಎರಡೂ ಕಾಲಿಗೆ ಒಂದೇ ಅಳತಿಯಗೆ ಪೆಟ್ಟ್ ಕೊಟ್ಟ ಬೈಕ್ ಯಾವ್ದ್ ಹ್ವಾಯ್?” ಅಂದೆ.

ಅವರು ಒಳಬಾಗಿಲ ಕಡೆ ಒಮ್ಮೆ ಕಣ್ಣು ಹಾಯಿಸಿದರು. ಆಮೇಲೆ, “ಅಮ್ಮಂಗ್ ಹೇಳ್ಬೇಡಿ. ಯಾರಿಗೂ ಹೇಳ್ಬೇಡಿ” ಅಂದರು.

ಬೈಕಿಲ್ಲ, ಆಕ್ಸಿಡೆಂಟಿಲ್ಲ. ಎತ್ತರ ಆಗಲಿಕ್ಕೆಂದು ತಾವಾಗಿಯೇ ಎಲುಬು ಕತ್ತರಿಸಿಕೊಂಡಿದ್ದರು. ಕತ್ತರಿಸಿದ ಎರಡು ತುದಿಗಳನ್ನು ದಿನಕ್ಕೆ ಒಂದು ಮಿಲಿಮೀಟರಿನಂತೆ ದೂರ ಮಾಡುತ್ತ ಹೋಗಬೇಕು. ನಡುವಿನ ಜಾಗದಲ್ಲಿ ಹೊಸ ಎಲುಬು ಬೆಳೆಯುತ್ತದೆ. ಅದಕ್ಕೆ ಕಡ್ಡಿಗಳ ನಟ್ಟನ್ನು ದಿನಕ್ಕೆ ನಾಲ್ಕು ಸಲ, ಸ್ವಲ್ಪ ಸ್ವಲ್ಪ ತಿರುಗಿಸಬೇಕು. ಅಮ್ಮ ಅದನ್ನು ಮುರಿದ ಕಾಲು ಕೂಡುವ ಮದ್ದೆಂದೇ ತಿಳಿದು, ದೇವರ ದೀಪ ಹಚ್ಚಿದಷ್ಟೇ ಭಕ್ತಿಯಿಂದ ಹೊತ್ತುಹೊತ್ತಿಗೆ ಸ್ಪ್ಯಾನರು ಹಿಡಿದು ಬರುತ್ತಿದ್ದರು. ಒಟ್ಟು ಮೂರು ಇಂಚು.

“ಯಾರಿಗೋಸ್ಕರ?” ಎಂದು ಕೇಳಿದೆ.

“ಒಬ್ರಿಗ್ ಅಂತ ಅಲ್ಲ. ನಂಗೂ ಒಂದ್ ಸಲ ಎದ್ರಿಗಿದ್ದರ್ ಕಣ್ಣ್ ಸಮಾ ನಿತ್ಕಂಡ್ ಮಾತಾಡ್ಕ್ ಅಂತ ಇತ್ತ್. ಅಷ್ಟೇ.”

ಅಷ್ಟೇ ಎನ್ನಲಿಕ್ಕೆ ಅದೇನು ಸಣ್ಣ ಸಂಗತಿಯೆ? ಎಲುಬು ದೂರವಾದಷ್ಟು ಬೇಗ ಮೀನಖಂಡ ಉದ್ದವಾಗುವುದಿಲ್ಲ. ಅದು ಸೆಳೆಯುತ್ತಿತ್ತು, ಹಿಮ್ಮಡಿ ನೆಲಕ್ಕೆ ತಾಗುತ್ತಿರಲಿಲ್ಲ. ವಾಕರ್ ಹಿಡಿದು ಎರಡು ಹೆಜ್ಜೆ ಇಟ್ಟರೆ ಬನಿಯನ್ ಹಿಂಡುವಷ್ಟು ಬೆವರು. ವ್ಯಾಯಾಮಕ್ಕೆ ಕುಂದಾಪುರಕ್ಕೆ ಹೋಗಬೇಕು, ಆದರೆ ಆ ಬಳೆಗಳ ಮೇಲೆ ಯಾವ ಪ್ಯಾಂಟೂ ಏರದು. ಪಂಚೆ ಉಟ್ಟರೆ ತಂತಿಗೆ ಸಿಕ್ಕಿ ಹರಿಯುತ್ತದೆ. ಮುಂದಿನ ಭಾನುವಾರ ಟೇಪು ತೆಗೆದುಕೊಂಡು ಹೋದೆ. ಕಾಲಿನ ಸುತ್ತಳತೆ ಬಿಟ್ಟು ಬಳೆಯ ಸುತ್ತಳತೆ ತೆಗೆದೆ. ಸೊಂಟದಿಂದ ಪಾದದವರೆಗೆ ಎರಡೂ ಬದಿ ಬಿಚ್ಚಿಕೊಳ್ಳುವಂತೆ, ಸಾಲಾಗಿ ಪ್ರೆಸ್ ಬಟನ್ ಹಾಕಿ ಮೂರು ಪ್ಯಾಂಟು ಹೊಲಿದುಕೊಟ್ಟೆ. ಅಪ್ಪ ಕಲಿಸಿದ ಯಾವ ಕಟಿಂಗಿನಲ್ಲೂ ಅದು ಇರಲಿಲ್ಲ.

ಹಾಕಿ ನೋಡಿ, “ಈ ಸಲ ಬಟ್ಟೆ ಉಳಿಲಿಲ್ಲ ಕಾಣಿ” ಅಂದರು. ನನ್ನ ಆ ಮಾತನ್ನು ಅವರು ಮರೆತೇ ಇರಲಿಲ್ಲ.

ಭಾನುವಾರ ಭಾನುವಾರ ಹೋಗುತ್ತಿದ್ದೆ. ಒಂದು ಮಧ್ಯಾಹ್ನ ಅಮ್ಮ ಪಕ್ಕದ ಮನೆಗೆ ಹೋಗಿದ್ದರು, ನಟ್ಟು ತಿರುಗಿಸುವ ಹೊತ್ತಾಯಿತು. ಸ್ಪ್ಯಾನರನ್ನು ನನ್ನ ಕೈಗೆ ಕೊಟ್ಟರು.

“ನೋವಾತ್ತಾ?”

“ತಿರ್ಗ್ಸುವಾಗ ಇಲ್ಲ. ಮತ್ತೆ ಶುರುವಾತ್ತ್.”

ತಿರುಗಿಸಿದೆ. ನನ್ನ ಕೈಯಿಂದ ಅವರು ಕೂದಲೆಳೆಯಷ್ಟು ಎತ್ತರವಾದರು. ಸಾಕು ನಿಲ್ಲಿಸಿ, ಎಲ್ಲಿಗೆ ಬಂದಿದೆಯೋ ಅಲ್ಲಿಗೇ ಸಾಕು, ನನಗೆ ನೀವು ಮೊದಲೇ ಸಾಕಾಗಿದ್ದಿರಿ ಎಂದು ಹೇಳಬೇಕೆಂದು ನಾಲಿಗೆಯ ತುದಿಗೆ ಬಂದಿತ್ತು. ಪೇಟೆಗೆಲ್ಲ ಹರಿದಾಡುವ ನಾಲಿಗೆ ಅಲ್ಲಿ ಮಾತ್ರ ಅಲುಗಲಿಲ್ಲ. ಉಳಿದ ನಟ್ಟುಗಳನ್ನೂ ತಿರುಗಿಸಿ ಕೈ ತೊಳೆದುಕೊಂಡು ಬಂದೆ.

ಬಳೆ ತೆಗೆದದ್ದು ಹತ್ತು ತಿಂಗಳಿಗೆ. ಅವರು ಕೋಲೂರಿಕೊಂಡು ಅಂಗಡಿಗೆ ಬಂದರು. ಕೌಂಟರಿನ ಮೇಲೆ ಈಗ ಅವರ ಮುಖ ಪೂರ್ತಿ ಕಾಣುತ್ತಿತ್ತು. ಜನ ಅಯ್ಯೋ ಪಾಪ ಅಂದರು, ಹಾಸಿಗೆ ಹಿಡಿದಿದ್ದಕ್ಕೆ ಸಪೂರವಾಗಿ ಎತ್ತರ ಕಾಣುತ್ತಾರೆ ಅಂದರು. ಅಲ್ಲಿಗೇ ನಿಂತಿದ್ದರೆ ಎಲ್ಲವೂ ನೆಟ್ಟಗಾಗುತ್ತಿತ್ತು. ಆದರೆ ಕಡಲತಡಿಯ ಕೋಡಿಯಿಂದ ಬುಟ್ಟಿ ಹೊತ್ತು ಬರುವ ಮೀನಿನ ಅಜ್ಜಿ ಒಬ್ಬಳಿದ್ದಳು. ಇವರು ಬರೆದ ಸೂರ್ಯ ಚಂದ್ರ ನೋಡಿ ರಕ್ತದೊತ್ತಡದ ಮಾತ್ರೆ ನುಂಗುತ್ತಿದ್ದವಳು, ಇವರನ್ನು ಮಗ ಎಂದೇ ಕರೆಯುವವಳು. ಆಕ್ಸಿಡೆಂಟ್ ಸುದ್ದಿ ಕೇಳಿದ ದಿನವೇ, ಮಗ ಎದ್ದು ನಡೆದರೆ ಬೆಳ್ಳಿಯ ಕಾಲು ಒಪ್ಪಿಸುತ್ತೇನೆ ಎಂದು ಹರಕೆ ಹೊತ್ತುಬಿಟ್ಟಿದ್ದಳು. ನಮ್ಮ ಕಡೆ ಇದು ಹೊಸತಲ್ಲ. ಕಣ್ಣು ನೋವಿಗೆ ಬೆಳ್ಳಿಯ ಕಣ್ಣು, ಕಾಲಿಗೆ ಬೆಳ್ಳಿಯ ಕಾಲು. ಒಂದು ಬೆಳಿಗ್ಗೆ ಬುಟ್ಟಿ ಇಳಿಸಿ, ಸೆರಗಿನ ಗಂಟು ಬಿಚ್ಚಿ, ಬೆರಳುದ್ದದ ಎರಡು ಕಾಲುಗಳನ್ನು ಕೌಂಟರಿನ ಮೇಲೆ ಇಟ್ಟಳು.

“ನಾಳೆ ದೇವ್ರಿಗ್ ಹಾಕ್ತೆ. ನೀನೂ ಬರ್ಕ್ ಮಗಾ.”

ನಾನು ಆಗ ಅಲ್ಲೇ ಇದ್ದೆ, ತಲೆನೋವಿನ ಮಾತ್ರೆಗೆ ಹೋಗಿದ್ದೆ. ಅವರ ಮುಖ ಬಿಳುಚಿತು. ಪೇಟೆಗೆ ಸುಳ್ಳು ಹೇಳಿದ್ದರು, ಹೆತ್ತ ತಾಯಿಗೂ ಹೇಳಿದ್ದರು. ಅದು ದೇವರ ತನಕ ಹೋಗುತ್ತದೆಂದು ಯೋಚಿಸಿರಲಿಲ್ಲ. ಕೋಲಿನ ಮೇಲೆ ಭಾರ ಬಿಟ್ಟು, ಇದ್ದದ್ದನ್ನು ಇದ್ದಂತೆ ಹೇಳಿಬಿಟ್ಟರು.

ಅಜ್ಜಿ ಬಾಯಿಗೆ ಕೈ ಇಟ್ಟಳು. “ಅಯ್ಯೋ ನನ್ ಮಗಾ! ಉದ್ದ ಆಪುಕೆ ಕಾಲ್ ಕಡ್ಸ್ಕಂಡ್ಯಾ?” ಎಂದು ಕೇಳಿ, ಹೊಟ್ಟೆ ಹಿಡಿದು ನಕ್ಕಳು, ಕಣ್ಣು ಒರಸಿಕೊಂಡಳು. ಆಮೇಲೆ ಬೆಳ್ಳಿಯ ಕಾಲುಗಳನ್ನು ಮತ್ತೆ ಗಂಟು ಕಟ್ಟುತ್ತ, “ಮುರ್ದದ್ದ್ ಹೌದಲ್ದಾ? ಕೂಡಿದ್ದ್ ಹೌದಲ್ದಾ? ಮತ್ತೆಂತ? ದೇವ್ರ್ ಅಷ್ಟೆಲ್ಲಾ ಕೇಂತ್ರಿಲ್ಲ” ಅಂದಳು.

ಹರಕೆ ಒಪ್ಪಿಸಿದ್ದಾಯಿತು. ಅದಕ್ಕೂ ಮೊದಲು, ಆ ದಿನದ ಬುಟ್ಟಿ ಖಾಲಿಯಾಗುವುದರೊಳಗೆ ಸುದ್ದಿ ಖಾರ್ವಿಕೇರಿಯಿಂದ ಹೆದ್ದಾರಿಯವರೆಗೂ ಮುಟ್ಟಿತ್ತು. ಅಜ್ಜಿಗೆ ದುರುದ್ದೇಶ ಇರಲಿಲ್ಲ. ತನ್ನ ಮಗ ಎಷ್ಟು ಗಟ್ಟಿಗ ನೋಡಿ ಎಂದು ಹೆಮ್ಮೆಯಿಂದಲೇ ಹೇಳಿಕೊಂಡು ಹೋದಳು. ಗುಲ್ವಾಡಿಯಲ್ಲಿ ಅಮ್ಮ ಎರಡು ದಿನ ಊಟ ಬಿಟ್ಟರು, ಮೂರನೆಯ ದಿನ ಮಗನ ಕಾಲಿಗೆ ಎಣ್ಣೆ ತಿಕ್ಕಿದರು. ಪೇಟೆ ಮಾತ್ರ ಬಿಡಲಿಲ್ಲ. “ಎಷ್ಟ್ ಇಂಚ್ ಆಯ್ತ್ ಹ್ವಾಯ್?” “ನಮ್ಗೂ ಎರಡ್ ಇಂಚ್ ಕೊಡಿ, ಉಂಡ್ಕಂಡ್ ತಕಂತೆ.” ಮದ್ದಿಗೆ ಬಂದವರು ಪಕ್ಕಕ್ಕೆ ಕರೆದು ಹೆಗಲಿಗೆ ಹೆಗಲು ಹಚ್ಚಿ ನೋಡಿದರು. ಮುಖ ಎದುರಿಗೇ ಕಾಣುತ್ತಿದ್ದರೂ, “ಒಳಗ್ ಯಾರೂ ಇಲ್ಯಾ?” ಎಂದು ಬೇಕೆಂದೇ ಕೂಗಿದರು. ಐದು ಅಡಿ ಎರಡಿಂಚು ಆದಮೇಲೂ ಅಂಗಡಿಯ ಹೆಸರು ಗಿಡ್ಡ ಮೆಡಿಕಲ್ಲೇ. ಮೊದಲು ಆ ಮಾತುಗಳಿಗೆಲ್ಲ ಉತ್ತರ ಕೊಟ್ಟು ನಗಿಸುತ್ತಿದ್ದವರು ಈಗ ತಲೆ ತಗ್ಗಿಸಿ ಲಕೋಟೆಯ ಮೇಲೆ ಚಿತ್ರ ಬರೆಯುತ್ತ ಕೂರುತ್ತಿದ್ದರು. ಆ ಚಿತ್ರಗಳಲ್ಲಿ ತೆರೆಗಳು ಕಮ್ಮಿಯಾದವು.

ಆರು ತಿಂಗಳು ತಡೆದುಕೊಂಡರು. ಒಂದು ದಿನ ನಾಲ್ಕು ಗಂಟೆಗೆ ಚಾ ಹಿಡಿದುಕೊಂಡೇ ಬಂದರು, ಕಂಕುಳಲ್ಲಿ ಎರಡು ಪ್ಯಾಂಟಿನ ಬಟ್ಟೆ. ಅಂಗಡಿ ಕೊಟ್ಟಾಯಿತು, ಘಟ್ಟದ ಮೇಲಿನ ಒಂದು ಊರಿನಲ್ಲಿ ಬೇರೆ ಅಂಗಡಿ ಗೊತ್ತಾಗಿದೆ, ಅಮ್ಮ ಬ್ರಹ್ಮಾವರದಲ್ಲಿ ಅಕ್ಕನ ಮನೆಯಲ್ಲಿರುತ್ತಾರೆ ಅಂದರು. “ಅಲ್ಲಿ ನನ್ನ್ ಮುಂಚೆ ಕಂಡರ್ ಯಾರೂ ಇಲ್ಲ” ಅಂದರು. ನನ್ನ ಗ್ಲಾಸನ್ನು ಮೆಷಿನ್ನಿನ ಮೇಲಿಟ್ಟು, “ಒಳ್ಳೆ ಟೈಲರೂ ಇಲ್ಲ ಅಂಬ್ರ್ ಅಲ್ಲಿ” ಅಂದರು.

“ಇದ್ದರ್ ಹತ್ರ ಹೊಲ್ಸ್ಕಣಿ” ಅಂದೆ, ಟೇಪು ಹುಡುಕುತ್ತ. ಅವರು ನನ್ನನ್ನು ಕರೆಯುತ್ತಿದ್ದಾರೆ ಎಂದು ತಿಳಿಯುವಷ್ಟು ಬುದ್ಧಿ ಆ ಹೊತ್ತಿಗೆ ಇರಲಿಲ್ಲ.

ಅಳತೆ ತೆಗೆಯಲು ಎದುರು ನಿಂತೆ. ಅವರ ಕಣ್ಣು ನನ್ನ ಕಣ್ಣಿನ ಸಮಕ್ಕೆ ಬಂದಿತ್ತು, ಸುಳಿಗಳು ಕಾಣುತ್ತಿರಲಿಲ್ಲ. ನನಗೆ ಒಮ್ಮೆಲೇ ನಾಚಿಕೆಯೂ ಆಯಿತು, ಏನೋ ಕಳೆದುಹೋದಂತೆಯೂ ಆಯಿತು. ಅಳತೆಯ ಪುಸ್ತಕ ತೆರೆದೆ. ಅದರಲ್ಲಿ ಪ್ರತಿ ಗಿರಾಕಿಗೂ ಒಂದು ಪುಟ. ಅವರ ಪುಟ ಶುರುವಾದದ್ದು ಕಾಲೇಜಿಗೆ ಹೋಗುವಾಗ, ಅಪ್ಪನ ಕೈಬರಹದಲ್ಲಿ. ಸೊಂಟದ ಲೆಕ್ಕ ವರ್ಷವರ್ಷ ಬದಲಾಗಿತ್ತು, ಕಾಲಿನ ಉದ್ದ ಮಾತ್ರ ಮೇಲಿನಿಂದ ಕೆಳಗಿನವರೆಗೆ ಒಂದೇ. ನಾನು ಹೊಸ ಪುಟಕ್ಕೆ ಕೈ ಹಾಕಿದೆ.

“ಆ ಹಳೆ ಪುಟ ಹರ್ದ್ ಹಾಕಿ” ಅಂದರು.

ನಮ್ಮ ಅಂಗಡಿಯಲ್ಲಿ ಒಂದು ಪದ್ಧತಿ ಇದೆ. ಮನುಷ್ಯ ತೀರಿಕೊಂಡ ಮೇಲೆ ಮಾತ್ರ ಅವನ ಪುಟ ಹರಿಯುವುದು. “ಜೀವಂತ ಇದ್ದರ್ ಅಳತಿ ಹರೂಕಾಗ” ಎಂದು ಅಪ್ಪ ನನಗೆ ಕತ್ತರಿ ಕೊಡುವಾಗಲೇ ಹೇಳಿದ್ದರು. ಅದನ್ನೇ ಹೇಳಿದೆ. ಅಷ್ಟಕ್ಕೆ ನಿಲ್ಲಿಸದೆ, “ಹಳೇದ್ ಎಂತಕ್ ಹರುದ್? ಆ ಮನ್ಷ್ಯ ಎಂತ ತಪ್ಪ್ ಮಾಡಿದ್ದ?” ಎಂದೂ ಸೇರಿಸಿದೆ. ನನ್ನ ಮನಸ್ಸಿನಲ್ಲಿ ಇದ್ದದ್ದು ಪ್ರೀತಿ. ಚಾ ಹಿಡಿದುಕೊಂಡು ಬರುತ್ತಿದ್ದ ಆ ಮನುಷ್ಯನನ್ನು ಕಸದಬುಟ್ಟಿಗೆ ಹಾಕಲು ನನ್ನಿಂದಾಗದು ಎಂದು ಅದರ ಅರ್ಥ. ಅವರಿಗೆ ಕೇಳಿಸಿದ್ದು ಬೇರೆ. ಇಡೀ ಪೇಟೆ ಹೇಳಿದ್ದನ್ನೇ ಇವಳೂ ಹೇಳುತ್ತಿದ್ದಾಳೆ ಎಂದು.

“ಒಬ್ರಾರೂ ನನ್ನನ್ನ ಹೊಸ ಅಳತಿಯಗೆ ಕಾಂತ್ರ್ ಅಂತ ಎಣ್ಸಿದ್ದೆ” ಅಂದರು. ಚಾ ಪೂರ್ತಿ ಕುಡಿದು, ಎರಡೂ ಗ್ಲಾಸನ್ನು ಹೋಟೆಲಿಗೆ ಮುಟ್ಟಿಸಿ, ಬಸ್ಸಿಗೆ ಹೋದರು. ಪ್ಯಾಂಟು ಒಯ್ಯಲು ಅಕ್ಕನ ಗಂಡ ಬಂದಿದ್ದರು.

ಇದಾಗಿ ಎರಡು ವರ್ಷ. ನಾಲ್ಕು ಗಂಟೆಗೆ ಈಗಲೂ ನನ್ನ ಮೆಷಿನ್ ತನ್ನಷ್ಟಕ್ಕೆ ನಿಲ್ಲುತ್ತದೆ. ಗೋಡೆಯಾಚೆ ಹೊಸಬರು ಇದ್ದಾರೆ, ಒಳ್ಳೆಯವರೇ, ಆದರೆ ಲಕೋಟೆಯ ಮೇಲೆ ಸುಮ್ಮನೆ ಗೀಟು ಎಳೆದು ಕೊಡುತ್ತಾರೆ. ಆ ಸ್ವರ ಕೇಳಬೇಕು ಅನ್ನಿಸುತ್ತದೆ. ಹೊಸ ಕಾಲಿನಲ್ಲಿ ಅವರು ಹೇಗೆ ನಡೆಯುತ್ತಾರೆ, ಅಲ್ಲಿ ಯಾರೊಡನೆ ಕಣ್ಣಿನ ಸಮಕ್ಕೆ ನಿಂತು ಮಾತಾಡುತ್ತಾರೆ ಎಂದು ನೋಡಬೇಕು ಅನ್ನಿಸುತ್ತದೆ.

ಹೋದ ತಿಂಗಳು ಅವರ ಅಮ್ಮ ರವಿಕೆ ಹೊಲಿಸಲು ಬಂದವರು, ಮಗ ಬ್ರಹ್ಮಾವರಕ್ಕೆ ಬರುತ್ತಾನೆ, ಭಾನುವಾರ ಹನ್ನೊಂದರ ಬಸ್ಸಿಗೆ ವಾಪಸ್ಸು, ಇನ್ನೂ ಮದುವೆಯ ಮಾತೆತ್ತಲು ಬಿಡುವುದಿಲ್ಲ ಅಂದರು. ಆ ಭಾನುವಾರ ನಾನು ಒಳ್ಳೆಯ ಸೀರೆ ಉಟ್ಟು ಬಸ್ಸು ಹತ್ತಿದೆ. ಹೇಳಬೇಕಾದದ್ದನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡೆ: ಆ ದಿನ ತಿಳಿಯಲಿಲ್ಲ, ಈಗ ಕರೆದರೆ ಬರುತ್ತೇನೆ.

ಬ್ರಹ್ಮಾವರದಲ್ಲಿ ಆ ದಿನ ನಾಲ್ಕೈದು ಮದುವೆ ಇತ್ತೋ ಏನೋ, ಬಸ್ಸಿನ ಮೇಲೆ ಬಸ್ಸು, ಜನವೋ ಜನ. ಹತ್ತೂವರೆಯಿಂದ ನಿಂತೆ. ಜಾತ್ರೆಯಾಗಲಿ ಪೇಟೆಯಾಗಲಿ, ಅವರನ್ನು ನಾನು ಹುಡುಕುತ್ತಿದ್ದದ್ದು ಒಂದೇ ರೀತಿ. ತಲೆಗಳ ಸಾಲಿನಲ್ಲಿ ಎಲ್ಲಿ ತಗ್ಗು ಕಾಣು‍ತ್ತದೋ ಅಲ್ಲಿ ಅವರಿರುತ್ತಿದ್ದರು. ಅಲ್ಲೆಲ್ಲ ಹುಡುಕಿದೆ. ಎರಡು ಕಡೆ ತಗ್ಗು ಕಂಡಿತು, ಓಡಿದೆ. ಎರಡೂ ಕಡೆ ಮದುವೆಗೆ ಹೊರಟ ಮಕ್ಕಳು. ಹನ್ನೊಂದರ ಬಸ್ಸು ಬಂತು, ತುಂಬಿತು, ಹೋಯಿತು. ಬರಲಿಲ್ಲ ಎಂದುಕೊಂಡು ಮನೆಗೆ ಬಂದೆ.

ಸಂಜೆ ಅಮ್ಮನ ಫೋನು. “ಎಂತ ಹೆಣೆ, ಅವ ನಿನ್ನ್ ಎದ್ರಿಗೇ ನಿಂತಿದ್ದ ಅಂಬ್ರಲೆ. ಗಡ್ಡ ಬಿಟ್ಟಿದ್ದ, ಗುರ್ತ್ ಸಿಕ್ಲಿಲ್ಯಾ? ‘ಎರಡ್ ಸಲ ನಗಾಡ್ದೆ, ಅವ್ರ್ ನನ್ನ್ ಬಿಟ್ಟ್ ಕೆಳಗೆಲ್ಲೋ ಕಾಂತಾ ಇದ್ರ್, ಮಾತ್ ಬ್ಯಾಡ ಅಂತ ಇತ್ತೋ ಏನೋ’ ಅಂದ. ಹಾಂಗೇ ಬಸ್ಸ್ ಹತ್ತಿದ್ನಂಬ್ರ್.”

ಅವರ ನಂಬರು ಅಮ್ಮನೇ ಕೊಟ್ಟಿದ್ದಾರೆ. ದಿನಾ ತೆಗೆದು ನೋಡುತ್ತೇನೆ, ಒತ್ತುವುದಿಲ್ಲ. ಒತ್ತಿದರೆ ನಿಜ ಹೇಳಬೇಕು. ನಿಜ ಎಂದರೆ, ನಾನು ನಿಮ್ಮನ್ನು ಹಳೆಯ ಎತ್ತರದಲ್ಲಿ ಹುಡುಕುತ್ತಿದ್ದೆ ಎನ್ನುವುದು. ಅದೊಂದನ್ನು ಕೇಳಲಾರದೆ ಊರು ಬಿಟ್ಟವರಿಗೆ ಅದನ್ನು ಯಾವ ಬಾಯಿಂದ ಹೇಳಲಿ?